ನವೆಂಬರ್ ಮೂವತ್ತೊಂದರಂದು ಹುಟ್ಟಿದವನು

ವರ್ತುಲ ರಸ್ತೆಯಿಂದ ಬಡಾವಣೆಯೊಳಕ್ಕೆ ತಿರುಗುವ ಮೂಲೆಯಲ್ಲಿ ತಗಡಿನ ಮಾಡಿನ ಒಂದು ಪಂಚರ್ ಅಂಗಡಿಯಿದೆ. ಕಂಬಕ್ಕೆ ನೇತುಹಾಕಿದ ಹಳೇ ಟೈರೇ ಅದರ ಬೋರ್ಡು. ಒಳಗೆ ಗಡಗಡ ಅನ್ನುವ ಕಂಪ್ರೆಸರ್, ಗೋಡೆಯುದ್ದಕ್ಕೂ ಸೀಮೆಸುಣ್ಣದಲ್ಲಿ ಬರೆದ ಫೋನ್ ನಂಬರ್‌ಗಳು, ನಡುವೆ ಅಂಚು ಸೊಟ್ಟಗಾದ ನೀರಿನ ತೊಟ್ಟಿ. ಆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿರುವ ಐವತ್ತೆರಡರ ಆಸಾಮಿಯನ್ನು ಚಿಳ್ಳೆಪಿಳ್ಳೆಗಳಿಂದ ಹಿಡಿದು ಮುದುಕರವರೆಗೆ ಎಲ್ಲರೂ ಕರೆಯುವುದು ಪಂಚರಣ್ಣ ಎಂದೇ.

ಪಂಚರಣ್ಣನದು ಒಂದು ಹಟ. ಗಿರಾಕಿ ಬಂದು, ಮೊಳೆ ಇಲ್ಲೇ ಚುಚ್ಚಿದೆ, ಇಲ್ಲಿಗೊಂದು ಪ್ಯಾಚ್ ಹಾಕಿ ಬಿಟ್ಟುಬಿಡಿ ಅಂದರೆ ಆತ ಕೇಳುವವನಲ್ಲ. ಟ್ಯೂಬನ್ನು ಪೂರ್ತಿ ಈಚೆಗೆಳೆದು, ಗಾಳಿ ತುಂಬಿ, ತೊಟ್ಟಿಯಲ್ಲಿ ಗೇಣು ಗೇಣಾಗಿ ಮುಳುಗಿಸುತ್ತಾ ಸುತ್ತು ಮುಗಿಸಬೇಕು. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಅವಸರ ಮಾಡಿದವನಿಗೆ ಬೈಗುಳ ಪುಕ್ಕಟೆ. ಆತನ ಸಿಟ್ಟು ಕಂಪ್ರೆಸರಿನ ಮುಳ್ಳಿಗಿಂತ ಬೇಗ ಏರುತ್ತದೆ ಎಂದು ಎದುರಿನ ಟೀ ಅಂಗಡಿಯಾಕೆ ಹೇಳುವುದುಂಟು.

ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದ ಆತನಿಗೆ ಹೆಮ್ಮೆಯಿಂದ ತೋರಿಸಲು ಇದ್ದದ್ದು ಒಂದೇ ಒಂದು ಕಾಗದ. ಅಂಗಿಯ ಜೇಬಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇರುವ ರಕ್ತದಾನಿಯ ಕಾರ್ಡು. ಇಪ್ಪತ್ತು ವರ್ಷದ ಹಿಂದೆ ಅಂಗಡಿಯೆದುರೇ ಲಾರಿ ಬಡಿದು ಬಿದ್ದವನೊಬ್ಬನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದಾಗ, ಇವನದು ಓ ನೆಗೆಟಿವ್, ಹುಡುಕಿದರೂ ಸುಲಭಕ್ಕೆ ಸಿಗದ ರಕ್ತ ಎಂದು ಗೊತ್ತಾಯಿತು. ಅಂದಿನಿಂದ ಐವತ್ತೆಂಟು ಸಲ ಕೊಟ್ಟಿದ್ದಾನೆ. ರಕ್ತ ಕೇಂದ್ರದಿಂದ ಫೋನ್ ಬಂತೆಂದರೆ ಅರ್ಧ ಬಿಚ್ಚಿದ ಟೈರನ್ನೂ ಬಿಟ್ಟು ಹೊರಡುತ್ತಿದ್ದ.

ಹುಟ್ಟಿದ ದಿನದ ವಿಷಯದಲ್ಲಂತೂ ಆತ ಶ್ರೀಮಂತ. ಶಾಲೆಯಲ್ಲಿ ಹೆಡ್‌ಮಾಸ್ತರು ತಮ್ಮ ಅನುಕೂಲಕ್ಕೆ ಜೂನ್ ಒಂದು ಎಂದು ಬರೆದುಕೊಂಡಿದ್ದರು. ಬ್ಯಾಂಕು, ಲೈಸೆನ್ಸು, ಫೋನು ಎಲ್ಲಕ್ಕೂ ಅದೇ. ಆದರೆ ಅಮ್ಮ ಹೇಳುತ್ತಿದ್ದದ್ದು, ನೀನು ಹುಟ್ಟಿದ್ದು ನವೆಂಬರಿನ ಕೊನೇ ದಿನ ಎಂದು. ರಕ್ತ ಕೊಡುವಾಗ ಸುಳ್ಳು ಬರೆಯಬಾರದು ಅನ್ನಿಸಿ, ಕೊನೇ ದಿನವೆಂದರೆ ಮೂವತ್ತೊಂದಲ್ಲದೆ ಇನ್ನೇನು ಎಂದುಕೊಂಡು, ರಕ್ತ ಕೇಂದ್ರದ ಫಾರಂನಲ್ಲಿ ಮಾತ್ರ ತನ್ನ ಕೈಯಾರೆ ನವೆಂಬರ್ ಮೂವತ್ತೊಂದು ಎಂದು ಬರೆದಿದ್ದ. ಅಲ್ಲಿನ ಗುಮಾಸ್ತ ಕಣ್ಣುಮುಚ್ಚಿ ಅದನ್ನೇ ಕಂಪ್ಯೂಟರಿಗೆ ಏರಿಸಿದ. ಕಾರ್ಡಿನಲ್ಲೂ ಅದೇ ಅಚ್ಚಾಯಿತು. ಎಷ್ಟೋ ವರ್ಷದ ಮೇಲೆ ಅದನ್ನು ಗಮನಿಸಿದ್ದು ಆತನ ಹೆಂಡತಿ. ಇಲ್ಲದ ದಿನ ಹುಟ್ಟಿದವರಿಗೆ ವಯಸ್ಸೂ ಆಗಲ್ಲ, ಬುದ್ಧಿಯೂ ಬರಲ್ಲ ಎಂದು ಅವಳು ನಕ್ಕಿದ್ದಳು. ತಿದ್ದಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಆ ಸೋಮವಾರ ಬೆಳಿಗ್ಗೆ ಮಕ್ಕಳನ್ನು ಇಳಿಸಿ ಬಂದ ಖಾಲಿ ಶಾಲಾ ಬಸ್ಸೊಂದು ಅಂಗಡಿಯ ಮುಂದೆ ಗಕ್ಕನೆ ನಿಂತಿತು. ಚಾಲಕ ಇಳಿದ. ಪಂಚರಣ್ಣ ಅಭ್ಯಾಸದಂತೆ ಚಕ್ರಗಳ ಕಡೆ ಕಣ್ಣು ಹಾಯಿಸಿದ. ಎಲ್ಲವೂ ಸರಿಯಾಗಿದ್ದವು. ಸರಿಯಿಲ್ಲದ್ದು ಚಾಲಕನ ಮುಖ.

“ರಕ್ತ ಕೊಡ್ತೀನಿ ಅಂತ ಬಸ್‌ಚಾರ್ಜು ಇಸ್ಕೊಂಡೋನು ನೀನೇನಾ?”

ಪಂಚರಣ್ಣನ ಕೈಯಲ್ಲಿ ಟೈರು ಬಿಚ್ಚುವ ಲಿವರ್ ಇತ್ತು. ಏನು ಮಾತಾಡ್ತಿದ್ದೀಯ ಎಂದು ಎದ್ದುನಿಂತ. ಚಾಲಕ ಹಿಂದೆ ಸರಿಯಲಿಲ್ಲ. ತನ್ನ ಫೋನನ್ನು ಮೂಗಿನ ಹತ್ತಿರ ಹಿಡಿದ. ಅದರಲ್ಲಿ ಪಂಚರಣ್ಣನ ಕಾರ್ಡು! ಅದೇ ಫೋಟೋ, ಅದೇ ಹೆಸರು, ಐವತ್ತೆಂಟು ಸಲ ಕೊಟ್ಟ ಲೆಕ್ಕ, ಅಂಗಡಿಯ ವಿಳಾಸ. ಫೋನ್ ನಂಬರ್ ಮಾತ್ರ ಬೇರೆ. ಚಾಲಕನ ಏಳು ವರ್ಷದ ಮಗಳಿಗೆ ಹೃದಯದಲ್ಲಿ ತೂತು, ಮುಂದಿನ ವಾರ ಗುರುವಾರ ಆಪರೇಷನ್, ಅವಳದೂ ಓ ನೆಗೆಟಿವ್. ರಕ್ತಕ್ಕಾಗಿ ಕಂಡ ಕಂಡ ಗುಂಪುಗಳಿಗೆಲ್ಲ ಸಂದೇಶ ಹಾಕಿದ್ದಾಗ ಯಾರೋ ಕರೆ ಮಾಡಿ, ನಾನೇ ಈ ದಾನಿ, ದೂರದೂರಿನಲ್ಲಿದ್ದೇನೆ, ದಾರಿ ಖರ್ಚು ಕಳಿಸಿ ಎಂದಿದ್ದ. ಎರಡು ಸಲ ಕಳಿಸಿದ ಮೇಲೆ ಫೋನು ಆಫ್.

ತೂತು ಎಂಬ ಮಾತಿಗೆ ಪಂಚರಣ್ಣನ ಕೈಯ ಲಿವರ್ ತಾನಾಗಿ ಕೆಳಗಿಳಿಯಿತು. ಆ ನಂಬರ್ ನನ್ನದಲ್ಲ, ಬೇಕಾದರೆ ಈಗಲೇ ಮಾಡಿ ನೋಡು ಎಂದ. ಎರಡು ಸಿಮ್ ಇಟ್ಟುಕೊಳ್ಳುವುದು ಯಾವ ದೊಡ್ಡ ವಿಷಯ ಎಂದು ಚಾಲಕ ಬಾಯಿ ಮುಚ್ಚಿಸಿದ. ಅಷ್ಟರಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ಗ್ಲಾಸು ಹಿಡಿದುಕೊಂಡೇ ಸುತ್ತ ನೆರೆದಿದ್ದರು. ನಾವು ಒಳ್ಳೆಯವನು ಅಂದುಕೊಂಡಿದ್ದೆವಲ್ಲ ಎಂದು ಹಿಂದಿನಿಂದ ಯಾರೋ ಅಂದದ್ದು ಕಾದ ಕಬ್ಬಿಣದಂತೆ ಆತನ ಬೆನ್ನಿಗೆ ತಾಗಿತು.

“ನಾನು ಹಿಂದಿನ ಸಲ ಕೊಟ್ಟು, ಬರೋ ಸೋಮವಾರಕ್ಕೆ ಮೂರು ತಿಂಗಳು ತುಂಬುತ್ತೆ, ಅಲ್ಲೀತನಕ ಕೊಡೋ ಹಾಗಿಲ್ಲ. ಮಾರನೇ ದಿನವೇ ಬಂದು ಮಗೂಗೆ ರಕ್ತ ಕೊಡ್ತೀನಿ,” ಎಂದ ಪಂಚರಣ್ಣ.

“ನಿನ್ನ ರಕ್ತ ನಂಬಬಹುದು. ಮಾತು ಹೇಗೆ ನಂಬಲಿ?” ಎಂದು ಚಾಲಕ ಬಸ್ಸು ಹತ್ತಿದ.

ಇಪ್ಪತ್ತು ವರ್ಷ ಮೈಯಿಂದ ರಕ್ತ ಬಸಿದುಕೊಟ್ಟವನಿಗೆ ಕಳ್ಳನೆಂಬ ಹೆಸರು. ಆತ ಆ ದಿನ ಊಟ ಮುಟ್ಟಲಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ಬೇರೆಯೇ ರಾಗ ತೆಗೆದಳು. ಎರಡು ತಿಂಗಳಿಂದ ಕಂಡವರೆಲ್ಲ ಫೋನ್ ಮಾಡುತ್ತಿದ್ದಾರೆ, ಸಂದೇಶ ಕಳಿಸುತ್ತಿದ್ದಾರೆ. ಒಬ್ಬ ವಿಮೆ ಅನ್ನುತ್ತಾನೆ, ಒಬ್ಬ ಲಾಟರಿ ಅನ್ನುತ್ತಾನೆ, ನಿನ್ನೆ ಒಬ್ಬ ಬಾಟಲಿಗೆ ಇಷ್ಟು ಅಂತ ರಕ್ತಕ್ಕೇ ರೇಟು ಕೇಳಿದ. ಆ ಸಿಮ್ಮು ಮುರಿದು ಚರಂಡಿಗೆ ಹಾಕಿ ಎಂದು ಅವಳು ಕೈ ಚಾಚಿದಳು. ಪಂಚರಣ್ಣ ಫೋನನ್ನು ಎದೆಗೆ ಅವಚಿಕೊಂಡ. ಎಲ್ಲ ಆಸ್ಪತ್ರೆಯಲ್ಲೂ ಇರುವುದು ಇದೇ ನಂಬರ್. ಇದನ್ನು ಬಿಸಾಕಿದರೆ ನಾಳೆ ಆ ಮಗುವಿನ ಕರೆ ಯಾರಿಗೆ ಹೋಗಬೇಕು?

ಸಂಜೆ ಬಂದವಳು ಅಕ್ಕನ ಮಗಳು. ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟು. ವಕೀಲರಿಗೆ ಗೊತ್ತಿಲ್ಲದ ಕಾನೂನೂ ಇವಳಿಗೆ ಗೊತ್ತು ಎಂದು ಮನೆಯವರ ನಂಬಿಕೆ. ಕಥೆ ಪೂರ್ತಿ ಕೇಳಿ ಅವಳು ಕೇಳಿದ ಮೊದಲ ಪ್ರಶ್ನೆ, ಆ ಸಂದೇಶಗಳೆಲ್ಲ ಎಲ್ಲಿ?

“ಸಿಟ್ಟು ಬಂದು ಎಲ್ಲಾ ಅಳಿಸಿಬಿಟ್ಟೆ,” ಎಂದ ಮಾವ.

“ಭೇಷ್ ಮಾವ. ಕಳ್ಳನ ಹೆಜ್ಜೆಗುರುತನ್ನ ನೀವೇ ಪೊರಕೆ ಹಿಡಿದು ಗುಡಿಸಿದ್ದೀರಿ.”

ಇನ್ನು ಮೇಲೆ ಒಂದನ್ನೂ ಅಳಿಸಕೂಡದು, ಯಾವ ನಂಬರಿನಿಂದ ಎಷ್ಟು ಹೊತ್ತಿಗೆ ಕರೆ ಬಂತು ಎಂದು ಬರೆದಿಡಬೇಕು ಎಂದು ಹೇಳಿ, ಒಂದು ಹಳೇ ಕ್ಯಾಲೆಂಡರಿನ ಹಿಂಬದಿಯನ್ನು ಗೋಡೆಗೆ ಅಂಟಿಸಿದಳು. ನಿಮ್ಮ ವಿವರ ಎಲ್ಲಿಂದಲೋ ಸೋರಿದೆ ಮಾವ, ಎಲ್ಲಿಂದ ಅಂತ ಆಮೇಲೆ ನೋಡೋಣ, ಮೊದಲು ಬ್ಯಾಂಕು, ಸಿಮ್ಮು, ಮಿಕ್ಕಿದ್ದೆಲ್ಲ ಸೋರದ ಹಾಗೆ ನೋಡಬೇಕು ಎಂದಳು. ಪಂಚರಣ್ಣನಿಗೆ ಆ ಕಾರ್ಡಿನದೊಂದೇ ತಲೆಬಿಸಿ. ಬ್ಯಾಂಕಿಗೂ ಇದಕ್ಕೂ ಏನು ಸಂಬಂಧ ಎಂದು ರೇಗಿದ. ಅವಳು ತೊಟ್ಟಿಯ ಕಡೆ ಬೆರಳು ತೋರಿಸಿದಳು. ಮೊಳೆ ಕಂಡ ಜಾಗ ಮಾತ್ರ ನೋಡಿ ನೀವು ಟ್ಯೂಬು ಬಿಡ್ತೀರಾ?

ಆ ಒಂದು ಮಾತು ಸಾಕಾಯಿತು. ಮಾರನೇ ದಿನ ಅಂಗಡಿಗೆ ಅರ್ಧ ದಿನ ರಜೆ. ಆತ ತನ್ನ ಬದುಕನ್ನೇ ತೊಟ್ಟಿಯಲ್ಲಿ ಗೇಣು ಗೇಣಾಗಿ ಮುಳುಗಿಸಿದ. ಬ್ಯಾಂಕಿಗೆ ಹೋಗಿ, ನನ್ನ ವಿವರ ಹೊರಗೆ ಹೋಗಿದೆ, ನನ್ನ ಹೆಸರಲ್ಲಿ ಯಾರಾದರೂ ಸಾಲ ಕೇಳಿದರೆ ನನ್ನನ್ನು ಕೇಳದೆ ಕೊಡಕೂಡದು ಎಂದು ಬರೆದುಕೊಟ್ಟ. ಫೋನ್ ಕಂಪನಿಯ ಅಂಗಡಿಯಲ್ಲಿ, ತಾನೇ ಖುದ್ದು ಬಂದ ಹೊರತು ಅದೇ ನಂಬರಿನ ಇನ್ನೊಂದು ಸಿಮ್ ಯಾರಿಗೂ ಸಿಗದಂತೆ ಕಟ್ಟುಪಾಡು ಹಾಕಿಸಿದ. ಇಮೇಲ್ ಎಂಬುದು ತನಗೊಂದು ಇದೆಯೆಂದೇ ಆತನಿಗೆ ಗೊತ್ತಿರಲಿಲ್ಲ. ಎಂದೋ ಫೋನ್ ಕೊಂಡ ದಿನ ಅಂಗಡಿಯವನು ಮಾಡಿಕೊಟ್ಟಿದ್ದ, ಪಾಸ್‌ವರ್ಡು ಜೂನ್ ಒಂದು. ಅಕ್ಕನ ಮಗಳು ತಲೆ ಚಚ್ಚಿಕೊಂಡು ಅದನ್ನು ಬದಲಿಸಿದಳು, ಒಳಗೆ ಹೋಗಲು ಫೋನಿಗೆ ಬರುವ ಸಂಖ್ಯೆಯೂ ಬೇಕೆಂದು ಎರಡನೇ ಚಿಲಕ ಹಾಕಿದಳು. ಆ ಸಂಖ್ಯೆಯನ್ನು ಹೆತ್ತವರು ಕೇಳಿದರೂ ಹೇಳಕೂಡದು ಎಂದು ತಾಕೀತು ಮಾಡಿದಳು.

“ಪಾಸ್‌ವರ್ಡು ಹೋದ್ರೆ ಬೇರೆ ಇಡಬಹುದು ಮಾವ. ಹುಟ್ಟಿದ ದಿನ ಹೋದ್ರೆ ಬೇರೆ ಎಲ್ಲಿಂದ ತರ್ತೀರಿ?”

“ನನ್ನ ಹತ್ರ ಇನ್ನೊಂದಿದೆ,” ಎಂದ ಪಂಚರಣ್ಣ. ಎರಡು ದಿನದ ಮೇಲೆ ಮೊದಲ ಸಲ ಮನೆಯಲ್ಲಿ ನಗು ಕೇಳಿಸಿತು.

ಬುಧವಾರ ಮಧ್ಯಾಹ್ನ ಫೋನು ಬಡಿದುಕೊಂಡಿತು. ಪಂಚರಣ್ಣ ಆಗಷ್ಟೇ ಸ್ಕೂಟರಿನ ಟ್ಯೂಬೊಂದನ್ನು ನೀರಿಗೆ ಇಳಿಸಿದ್ದ. ಆ ಕಡೆಯ ದನಿ ಜೇನಿನಷ್ಟು ನಯ. ಸರ್, ನಿಮ್ಮ ಮಾಹಿತಿ ಸೋರಿಕೆಯಾಗಿದೆಯಂತೆ, ನಾವು ಪರಿಹಾರ ಕೊಡಿಸುವ ಇಲಾಖೆಯಿಂದ ಮಾತಾಡುತ್ತಿದ್ದೇವೆ, ಈಗ ನಿಮ್ಮ ಫೋನಿಗೆ ಒಂದು ಓಟಿಪಿ ಬರುತ್ತದೆ, ಅದನ್ನು ಹೇಳಿದರೆ ಸಾಕು. ಪಂಚರಣ್ಣನ ಮುಳ್ಳು ಸರ್ರನೆ ಏರಿತು. ಅಜ್ಜ ಮುತ್ತಜ್ಜನಿಂದ ಹಿಡಿದು ಬೈಯಲು ಬಾಯಿ ತೆರೆದಿದ್ದ, ಅಷ್ಟರಲ್ಲಿ ಆ ದನಿ ಹೇಳಿತು:

“ಅನುಮಾನ ಬೇಡ ಸರ್. ನಿಮ್ಮ ಫೈಲು ನನ್ನ ಎದುರಿಗೇ ಇದೆ. ಹುಟ್ಟಿದ ದಿನಾಂಕ ನವೆಂಬರ್ ಮೂವತ್ತೊಂದು, ಸರಿ ತಾನೆ?”

ಪಂಚರಣ್ಣನ ತೆರೆದ ಬಾಯಿ ತೆರೆದ ಹಾಗೇ ನಿಂತಿತು. ತೊಟ್ಟಿಯಲ್ಲಿ ಅವನ ಎಡಗೈ ಹಿಡಿದಿದ್ದ ಟ್ಯೂಬಿನಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಜೂನ್ ಒಂದು ಊರೆಲ್ಲ ಹರಡಿದೆ. ನವೆಂಬರ್ ಮೂವತ್ತೊಂದನ್ನು ಆತ ಹೇಳಿದ್ದು ಭೂಮಿಯ ಮೇಲೆ ಒಂದೇ ಒಂದು ಕಡೆ.

ಜೀವಮಾನದಲ್ಲೇ ಮೊದಲ ಬಾರಿಗೆ ಆತ ಸಿಟ್ಟನ್ನು ನುಂಗಿ ದನಿಗೆ ಬೆಣ್ಣೆ ಹಚ್ಚಿದ. ಸರಿಯಾಗಿ ಕೇಳಿಸಲಿಲ್ಲ ಸ್ವಾಮಿ, ಇನ್ನೊಂದು ಸಲ ಹೇಳಿ ಎಂದ. ಹೇಳುತ್ತಿದ್ದಂತೆ ಹೆಂಡತಿಗೆ ಸನ್ನೆ ಮಾಡಿದ, ಅವಳು ಓಡಿಬಂದು ಸ್ಪೀಕರ್ ಒತ್ತಿ, ತನ್ನ ಫೋನಿನಲ್ಲಿ ಆ ದನಿಯನ್ನು ರೆಕಾರ್ಡ್ ಮಾಡಿಕೊಂಡಳು. ಇನ್ನೇನೇನು ಇದೆ ಫೈಲಿನಲ್ಲಿ ಎಂದು ಕೇಳಿದ. ಕಳ್ಳ ಉತ್ಸಾಹದಿಂದ ಎಲ್ಲವನ್ನೂ ಓದಿದ. ಕಾರ್ಡಿನ ನಂಬರು, ವಿಳಾಸ, ಕೊನೆಯ ಸಲ ರಕ್ತ ಕೊಟ್ಟ ದಿನ. ಆಮೇಲೆ ಓಟಿಪಿ ಕೇಳಿದ. ಅದನ್ನ ನನ್ನ ಹೆತ್ತವರಿಗೂ ಹೇಳಲ್ಲ ಎಂದು ಪಂಚರಣ್ಣ ಫೋನಿಟ್ಟ. ಟ್ಯೂಬಿನ ಮೇಲೆ ಗುರುತು ಹಾಕಲು ಎತ್ತಿಕೊಂಡಿದ್ದ ಸೀಮೆಸುಣ್ಣದಿಂದ ಗೋಡೆಯ ಮೇಲೆ ಆಳೆತ್ತರದ ಒಂದು ಸುತ್ತು ಹಾಕಿದ. ತೂತು ಸಿಕ್ಕಿತ್ತು.

ಆವತ್ತೇ ರಕ್ತ ಕೇಂದ್ರಕ್ಕೆ ನುಗ್ಗಲು ಹೊರಟವನನ್ನು ಅಕ್ಕನ ಮಗಳು ಫೋನಿನಲ್ಲೇ ತಡೆದಳು. ಬರಿಗೈಲಿ ಹೋದರೆ ಕಾಫಿ ಕುಡಿಸಿ ಕಳಿಸುತ್ತಾರೆ, ಕಾಗದ ಹಿಡಿದು ಹೋಗಬೇಕು ಎಂದಳು. ಸಂಜೆ ಕೂತು ವಿವರಿಸಿದಳು. ನಿಮ್ಮ ವಿವರ ಅವರ ಕಂಪ್ಯೂಟರಿನಲ್ಲಿದ್ದರೂ ಅದು ನಿಮ್ಮದೇ. ಏನೇನು ಇಟ್ಟುಕೊಂಡಿದ್ದೀರಿ, ಯಾರ ಯಾರಿಗೆ ಕೊಟ್ಟಿದ್ದೀರಿ ಅಂತ ಕೇಳುವ ಹಕ್ಕು ನಿಮಗಿದೆ. ತಪ್ಪಿದ್ದರೆ ತಿದ್ದಿಸಬಹುದು, ಕೆಲಸ ಮುಗಿದದ್ದನ್ನು ಅಳಿಸಲು ಹೇಳಬಹುದು. ಸೋರಿದರೆ ಅವರೇ ಬಂದು ನಿಮಗೆ ತಿಳಿಸಬೇಕು, ಮುಚ್ಚಿಡುವ ಹಾಗಿಲ್ಲ. ಉತ್ತರ ಕೊಡದಿದ್ದರೆ ಮೇಲಿನ ಪ್ರಾಧಿಕಾರಕ್ಕೆ ದೂರು. ಪಂಚರಣ್ಣ ಕಣ್ಣು ಅಗಲಿಸಿ ಕೇಳಿದ. ಗಿರಾಕಿ ನನ್ನಲ್ಲಿ ಬಿಟ್ಟುಹೋದ ಸ್ಟೆಪ್ನಿ ಕಳುವಾದರೆ ನಾನು ಹೇಳದೆ ಇರುತ್ತೇನಾ, ಇದಕ್ಕೆ ಕಾನೂನು ಬೇರೆ ಬೇಕಾಯಿತಾ ಎಂದ.

ಇದನ್ನೆಲ್ಲ ಕೇಳುವ ಕಾಗದವೊಂದನ್ನು ಟೈಪು ಮಾಡಿ ಅವಳು ಎರಡು ಪ್ರತಿ ತೆಗೆದಳು. ಒಂದು ಅವರಿಗೆ, ಇನ್ನೊಂದರ ಮೇಲೆ ಅವರ ಸೀಲು, ಸಹಿ, ತಾರೀಕು. ಕೊನೆಗೆ ಒಂದು ಷರತ್ತು ಹಾಕಿದಳು. ಕೂಗಾಡಿದರೆ ಅವರು ನಿಮ್ಮ ಕೂಗಾಟದ ಮೇಲೇ ದೂರು ಬರೆಯುತ್ತಾರೆ. ಸಿಟ್ಟು ಬಂದಾಗ ಜೇಬಿನಲ್ಲಿರುವ ಸೀಮೆಸುಣ್ಣ ಹಿಸುಕಿ.

ಗುರುವಾರ ಇಬ್ಬರೂ ಹೋದರು. ತಣ್ಣನೆಯ ಕೋಣೆ, ಗಾಜಿನ ಮೇಜು, ಮ್ಯಾನೇಜರನ ಬೆನ್ನ ಹಿಂದೆ ದಾನಿಗಳೇ ನಮ್ಮ ದೇವರು ಎಂಬ ದೊಡ್ಡ ಚಿತ್ರಪಟ. ಮ್ಯಾನೇಜರ್ ಎದ್ದು ಕೈ ಕುಲುಕಿದ. ಐವತ್ತೆಂಟು ಸಲ ಕೊಟ್ಟವರು, ಬರುವ ತಿಂಗಳು ನಿಮಗೊಂದು ಸನ್ಮಾನ ಇಟ್ಟುಕೊಳ್ಳೋಣ ಎಂದ. ವಿಷಯಕ್ಕೆ ಬಂದದ್ದೇ ಅವನ ನಗು ತೆಳುವಾಯಿತು. ಈಗಿನ ಕಾಲದಲ್ಲಿ ಎಲ್ಲಿಂದ ಏನು ಸೋರುತ್ತದೋ ಯಾರು ಬಲ್ಲರು, ಫೋನ್ ಕಂಪನಿ ಇರಬಹುದು, ಬ್ಯಾಂಕು ಇರಬಹುದು, ನಮ್ಮಲ್ಲಿಂದ ಅಂತ ಹೇಗೆ ಹೇಳುತ್ತೀರಿ? ಪಂಚರಣ್ಣನ ಜೇಬಿನಲ್ಲಿ ಸೀಮೆಸುಣ್ಣ ಪಟ್ಟನೆ ಎರಡಾಯಿತು. ಅಕ್ಕನ ಮಗಳಿಗೂ ಆ ಸದ್ದು ಕೇಳಿಸಿತು.

ಆತ ಕಾರ್ಡನ್ನು ಮೇಜಿನ ಮೇಲಿಟ್ಟ. ಅದರ ಪಕ್ಕದಲ್ಲಿ ಹೆಂಡತಿಯ ಫೋನನ್ನಿಟ್ಟು ಕಳ್ಳನ ದನಿ ಕೇಳಿಸಿದ. ಹುಟ್ಟಿದ ದಿನಾಂಕ ನವೆಂಬರ್ ಮೂವತ್ತೊಂದು.

“ಸ್ವಾಮಿ, ನವೆಂಬರಿಗೆ ಎಷ್ಟು ದಿನ?”

ಮ್ಯಾನೇಜರ್ ಬೆರಳಿನ ಗೆಣ್ಣು ಎಣಿಸಿದ. ಮೂವತ್ತು ಎಂದ. ಆಮೇಲೆ ಕಾರ್ಡು ನೋಡಿದ. ಕಂಪ್ಯೂಟರಿನ ಕಡೆ ತಿರುಗಿ ಏನೋ ಒತ್ತಿ, ಪರದೆಯನ್ನು ದಿಟ್ಟಿಸಿದ. ತಣ್ಣನೆಯ ಕೋಣೆಯಲ್ಲೂ ಅವನ ಹಣೆ ಹೊಳೆಯತೊಡಗಿತು.

“ಈ ತಪ್ಪು ಮಾಡಿದ ದಡ್ಡ ಪ್ರಪಂಚದಲ್ಲಿ ನಾನೊಬ್ನೇ. ಬರ್ಕೊಂಡ ದಡ್ಡರು ನೀವೊಬ್ರೇ. ದೇವರು ಅಂತ ಗೋಡೆ ಮೇಲೆ ಬರೆದು, ದೇವರ ವಿಳಾಸ ಬೀದಿಗೆ ಹಾಕಿದ್ದೀರಿ.”

ಆತ ಇದನ್ನು ಕೂಗಿ ಹೇಳಲಿಲ್ಲ. ಅದಕ್ಕೇ ಅದು ಹೆಚ್ಚು ತಾಗಿತು. ಮ್ಯಾನೇಜರ್ ಒಂದೊಂದೇ ಬಿಡಿಸಿ ಹೇಳಿದ. ಎರಡು ತಿಂಗಳ ಹಿಂದೆ ಶಿಬಿರವೊಂದಕ್ಕೆಂದು ದಾನಿಗಳ ಪಟ್ಟಿ ಪೂರ್ತಿಯನ್ನು, ಕಾರ್ಡುಗಳ ಸಮೇತ, ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆರೆಯುವಂತೆ ಇಟ್ಟು ಮರೆತಿದ್ದರು. ಗೊತ್ತಾದ ಮೇಲೆ ತೆಗೆದರು. ದಾನಿಗಳು ಹೆದರಿ ದೂರವಾದಾರು ಎಂದು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೇ ಒಂದು ಮಗುವಿನ ಅಪ್ಪ ಮೋಸ ಹೋದ ಎಂದಳು ಅಕ್ಕನ ಮಗಳು. ಮತ್ತೆ ಸನ್ಮಾನದ ಮಾತು ಬಂತು. ನನಗೆ ಸನ್ಮಾನ ಬೇಡ, ಸೀಲು ಹೊಡೆಯಿರಿ ಎಂದ ಪಂಚರಣ್ಣ. ಮ್ಯಾನೇಜರ್ ಸೀಲನ್ನು ಶಾಯಿಯಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದಾಗ, ಅದರ ಠಪ್ ಎಂಬ ಸದ್ದಿಗೆ ಆತನ ಮೈಯೆಲ್ಲ ಹಗುರಾಯಿತು.

ಅಲ್ಲಿಂದ ನೇರ ಸೈಬರ್ ಠಾಣೆಗೆ. ದಾರಿಯಲ್ಲಿ ಶಾಲೆಯ ಗೇಟಿನ ಹತ್ತಿರ ಬಸ್ಸಿನ ಚಾಲಕನನ್ನು ಹುಡುಕಿ, ಬೈದರೆ ಬೈ, ಆದರೆ ದೂರು ಕೊಡಲು ಜೊತೆಗೆ ಬಾ ಎಂದು ಪಂಚರಣ್ಣ ಅವನ ತೋಳು ಹಿಡಿದ. ಸೀಲು ಬಿದ್ದ ಕಾಗದವನ್ನು ಚಾಲಕ ಎರಡು ಸಲ ಓದಿದ. ಮಡಚಿ ವಾಪಸು ಕೊಟ್ಟು ಜೊತೆಗೆ ಹೊರಟ. ಠಾಣೆಯಲ್ಲಿ ಕ್ಯಾಲೆಂಡರಿನ ಹಾಳೆ, ದನಿಯ ದಾಖಲೆ, ಚಾಲಕ ದುಡ್ಡು ಕಳಿಸಿದ ಖಾತೆಯ ವಿವರ ಎಲ್ಲ ಕೊಟ್ಟು ದೂರಿನ ನಂಬರ್ ಪಡೆದರು. ಆ ಖಾತೆಯನ್ನು ಬ್ಯಾಂಕು ಅಂದೇ ತಡೆಹಿಡಿಯಿತು. ಕಳ್ಳ ಸಿಗಲಿಲ್ಲ. ಈ ಹೊತ್ತಿನವರೆಗೂ ಸಿಕ್ಕಿಲ್ಲ.

ಆದರೆ ಶನಿವಾರ ಆ ಪಟ್ಟಿಯಲ್ಲಿದ್ದ ಸಾವಿರಾರು ದಾನಿಗಳ ಫೋನಿಗೆ ರಕ್ತ ಕೇಂದ್ರದ ಸಂದೇಶ ಹೋಯಿತು. ನಿಮ್ಮ ಯಾವ ಯಾವ ವಿವರ ಹೊರಹೋಗಿದೆ, ಏನು ಮಾಡಬೇಕು, ದೂರು ಯಾರಿಗೆ ಕೊಡಬೇಕು ಎಂದು. ಪಂಚರಣ್ಣ ಬಾಯಿಮಾತಲ್ಲಿ ಹೇಳಿಬಂದಿದ್ದ ಒಂದು ಬೇಡಿಕೆಯೂ ಅದರಲ್ಲಿ ನಿಯಮವಾಗಿ ಬಂದಿತ್ತು. ನಮ್ಮಿಂದ ಕರೆ ಬಂದರೂ ನಂಬಬೇಡಿ, ಫೋನಿಟ್ಟು, ಕೇಂದ್ರದ ಬೋರ್ಡಿನ ಮೇಲಿರುವ ನಂಬರಿಗೆ ನೀವೇ ತಿರುಗಿ ಮಾಡಿ. ದಾನಿ ಯಾರಿಂದಲೂ ಎಂದೂ ಖರ್ಚು ಕೇಳುವುದಿಲ್ಲ ಎಂಬ ಫಲಕ ಆಸ್ಪತ್ರೆಯ ಬಾಗಿಲಲ್ಲೂ ಬಿತ್ತು. ಟೀ ಅಂಗಡಿಯಾಕೆ ಆ ಸಂದೇಶವನ್ನು ಗಿರಾಕಿಗಳಿಗೆಲ್ಲ ಓದಿ ಹೇಳಿದಳು. ಅಂದು ಬೆನ್ನ ಹಿಂದೆ ಮಾತಾಡಿದವನು ಯಾರೆಂದು ಪಂಚರಣ್ಣನಿಗೆ ಕೊನೆಗೂ ತಿಳಿಯಲಿಲ್ಲ. ಆ ವಾರ ಮಾತ್ರ ಬಡಾವಣೆಯಲ್ಲಿ ಎಲ್ಲರ ಚಕ್ರದಲ್ಲೂ ಗಾಳಿ ಕಡಿಮೆಯಾದಂತಿತ್ತು, ಒಬ್ಬೊಬ್ಬರೇ ಅದೇ ನೆಪದಲ್ಲಿ ಅಂಗಡಿಗೆ ಬಂದು ಮಾತಾಡಿಸಿ ಹೋದರು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಗುರುತಿಲ್ಲದ ನಂಬರಿನಿಂದ ಕರೆ. ರಕ್ತ ಕೇಂದ್ರದಿಂದ, ಗುರುವಾರದ ಆಪರೇಷನ್‌ಗೆ, ಈಗಲೇ ಬನ್ನಿ, ಪರೀಕ್ಷೆಗೆ ಹೊತ್ತು ಬೇಕು ಎಂದಳೊಬ್ಬಳು. ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಬೇಡ ಎಂದು ತಲೆಯಾಡಿಸಿದಳು. ಪಂಚರಣ್ಣ ಕರೆ ಮಾಡಿದವಳ ಮಾತಿನ ಮಧ್ಯೆಯೇ ಫೋನಿಟ್ಟ. ಗೋಡೆಯ ಮೇಲೆ ಸೀಮೆಸುಣ್ಣದ ಸುತ್ತಿನೊಳಗೆ ಬರೆದುಕೊಂಡಿದ್ದ ಕೇಂದ್ರದ ಬೋರ್ಡಿನ ನಂಬರನ್ನು ಒಂದೊಂದೇ ಅಂಕಿ ನೋಡಿ ಒತ್ತಿದ. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೇ ಸಲಕ್ಕೆ ಎತ್ತಿದ್ದು ಅದೇ ದನಿ.

“ನಾನೇ ರೀ ಮಾಡಿದ್ದು. ನಿಮ್ಮ ರೂಲ್ಸಿನಿಂದ ನಮ್ಮ ಜೀವ ಹೋಗ್ತಿದೆ, ಬೇಗ ಬನ್ನಿ.”

ಆತ ಈಚೆ ಬರುವ ಹೊತ್ತಿಗೆ ಶಾಲಾ ಬಸ್ಸು ಬಂದು ನಿಂತಿತ್ತು. ಚಾಲಕ ಬಾಗಿಲು ತೆರೆದು ಹಿಡಿದು, ಹತ್ತಿ ಅಣ್ಣಾ ಎಂದ. ಪಂಚರಣ್ಣ ಹಿಂದಿನ ಪುಟ್ಟ ಪುಟ್ಟ ಸೀಟುಗಳಲ್ಲಿ ಮೊಣಕಾಲು ಹಿಡಿಸದೆ ಅಡ್ಡಡ್ಡ ಕೂತ. ಕೇಂದ್ರದಲ್ಲಿ ನರ್ಸು ಪರದೆ ನೋಡುತ್ತಾ ಹುಟ್ಟಿದ ದಿನಾಂಕ ಕೇಳಿದಳು. ನವೆಂಬರ್ ಮೂವತ್ತು ಎಂದ. ತಿದ್ದಿದ್ದಾರೆ ನೋಡಿ ಎಂದು ಅವಳು ತಲೆಯಾಡಿಸಿದಳು. ಮಲಗಿಸಿ ಸೂಜಿ ಚುಚ್ಚಿದಾಗ ಆತ ಅಭ್ಯಾಸಬಲದಿಂದ ಕೊಳವೆಯ ಜೋಡಣೆಗಳನ್ನೆಲ್ಲ ಒಂದು ಸುತ್ತು ಕಣ್ಣಲ್ಲೇ ನೋಡಿದ. ಎಲ್ಲೂ ಗುಳ್ಳೆ ಇರಲಿಲ್ಲ. ಐವತ್ತೊಂಬತ್ತು.

ಶುಕ್ರವಾರ ಮಧ್ಯಾಹ್ನ ಬಸ್ಸು ಮತ್ತೆ ಅಂಗಡಿಯ ಮುಂದೆ ನಿಂತಿತು. ಮಗು ಕಣ್ಣು ಬಿಟ್ಟು ನೀರು ಕೇಳಿದಳು ಎಂದು ಹೇಳಿ ಚಾಲಕ ಸ್ಟೂಲಿನ ಮೇಲೆ ಕುಸಿದು ಕೂತ. ಆಮೇಲೆ, ಅವಳಿಗೆ ಓಡಾಡುವ ಹಾಗಾದ ಮೇಲೆ ನಿಮ್ಮ ಹುಟ್ಟಿದ ದಿನ ಕರೆದುಕೊಂಡು ಬರುತ್ತೇನೆ, ಯಾವತ್ತು ಬರಲಿ ಎಂದು ಕೇಳಿದ.

“ನವೆಂಬರ್ ಮೂವತ್ತಕ್ಕೆ ಬಾ,” ಎಂದು ಪಂಚರಣ್ಣ ಟ್ಯೂಬನ್ನು ನೀರಿಗಿಳಿಸಿದ. “ಮೂವತ್ತೊಂದಕ್ಕೆ ಬಂದ್ರೆ ನಾನು ಸಿಗಲ್ಲ.”